ಅಕ್ಕನ ಹೆಬ್ಬೆಟ್ಟು

ಎಪ್ಪತ್ತರ ದಶಕದಲ್ಲಿ ನಾನು ಕಾನೂನಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು ನನ್ನ ವಿಷಯ. ಬೈಲಹೊಂಗಲದ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ಕುಳಿತು, ಅಣ್ಣತಮ್ಮಂದಿರಿಗೆ ಪಾಲು ಬಿಟ್ಟುಕೊಟ್ಟ ಹೆಂಗಸರ ಪತ್ರಗಳನ್ನು ದಿನವಿಡೀ ನಕಲು ಮಾಡಿಕೊಳ್ಳುತ್ತಿದ್ದೆ. ಸಹಿಯ ಜಾಗದಲ್ಲಿ ಬಹುಪಾಲು ಹೆಬ್ಬೆಟ್ಟೇ. ಏನು ಬರೆದಿದೆಯೆಂದು ಓದಿ ಹೇಳದೆ ಒತ್ತಿಸಿಕೊಂಡವರ ಮೇಲೆ ಪ್ರಬಂಧದಲ್ಲಿ ಪುಟಗಟ್ಟಲೆ ಕಿಡಿಕಾರಿದೆ. ಒಂದು ಪತ್ರ ಮಾತ್ರ ಕಣ್ಣಿಗೆ ಬಿದ್ದರೂ ನಕಲು ಮಾಡದೆ ಪುಟ ಮಗುಚಿದೆ.

ಪದವಿ ಬಂದಾಗ ಪೇಡೆ ತೆಗೆದುಕೊಂಡು ಮನೋಳಿಯಲ್ಲಿದ್ದ ಅಕ್ಕನ ಮನೆಗೆ ಹೋದೆ. ಗಂಡ ತೀರಿಕೊಂಡ ಮೇಲೆ ಅವಳು ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ಪೇಡೆಯನ್ನು ದೇವರ ಮುಂದಿಟ್ಟು ಬಂದು ಕೇಳಿದಳು: "ಇಷ್ಟ ವರ್ಷ ಕುಂತು ಏನ್ ಬರದ್ಯೋ ತಮ್ಮಾ?"

"ತವರಮನಿ ಆಸ್ತ್ಯಾಗ ಹೆಣ್ಣಮಕ್ಕಳಿಗೂ ಪಾಲ ಐತಿ ಅಂತ ಬರದೇನಿ, ಅಕ್ಕ."

ಅಕ್ಕ ತನ್ನ ಕೈಯನ್ನೇ ನೋಡಿಕೊಂಡಳು.

"ಅಪ್ಪ ಸತ್ತಾಗ ನೀ ನನ್ನ ಕಡೆ ಹೆಬ್ಬಟ್ಟ ಒತ್ತಿಸಿಕೊಂಡಿದ್ದಿ," ಎಂದಳು. "ಆವಾಗಿನ್ನೂ ನೀ ಇದನ್ನ ಕಲ್ತಿರಲಿಲ್ಲ, ಬಿಡು."

ನಾನು ಹೂಂ ಎಂದೆ. ಆ ಪತ್ರವನ್ನು ಬರೆದವನು ನಾನೇ. ಆಗಲೇ ವಕೀಲಿ ಪಾಸಾಗಿ ವರ್ಷ ಕಳೆದಿತ್ತು.