ಬಾಯಿ ಬಿಡದ ವೈಸು

ನನ್ನ ಮಗಳ ಹೆರಿಗೆಗೆ ಒಂದು ತುಕ್ಕು ಹಿಡಿದ ವೈಸು ಅಡ್ಡ ನಿಂತಿತ್ತು. ಈ ಮಾತು ನನ್ನದಲ್ಲ, ನಮ್ಮವ್ವನದು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ ಎಂಬುದು ವಾರ ವಾರ ನನ್ನನ್ನು ಓದುವ ನಿಮಗೆ ಗೊತ್ತೇ ಇದೆ. ಗೊತ್ತಿದೆ ತಾನೆ? ಹಾಗಾದರೆ ಮುಂದೆ ಓದಿ, ನನ್ನ ಮರ್ಯಾದೆ ಹೋಗುವುದನ್ನೂ ನೋಡಿ.

ವೈಸು ಎಂದರೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ಸಾಧನ. ಎರಡು ದವಡೆ, ನಡುವೆ ಹಾಯುವ ಒಂದು ದಪ್ಪ ಸ್ಕ್ರೂ, ನೆಲಕ್ಕೆ ಊರಲು ಒಂದು ಉದ್ದ ಕಾಲು. ಅರ ಹಾಕುವಾಗ ಕೆಲಸದ ತುಂಡು ಅಲುಗಬಾರದು, ಅಷ್ಟಕ್ಕೆ ಇದು. ನಾನು ಬೇಸಾಯಗಾರ. ಕೊಟ್ಟಿಗೆಯ ಮೂಲೆಯಲ್ಲಿ ಬೀಗ, ಬಾವಿಯ ರಾಟೆ, ನೇಗಿಲ ಕುಳ ಎಂದು ಏನಾದರೂ ರಿಪೇರಿ ಮಾಡುವುದು ನನ್ನ ಹುಚ್ಚು. ಇಷ್ಟು ಕಾಲ ತುಂಡನ್ನು ಕಾಲ್ಬೆರಳುಗಳ ನಡುವೆ ಇಟ್ಟುಕೊಂಡೇ ಅರ ಹಾಕುತ್ತಿದ್ದೆ (ಬೆರಳುಗಳು ಇವೆ, ಉಗುರಿನ ಮಾತು ಬೇಡ).

ನಮ್ಮ ಗೂಡಲೂರಿನ ಆಚೆ, ಘಾಟಿ ಹತ್ತಿ ಹೋದರೆ, ಅಣೆಕಟ್ಟಿನ ಕೆಲಸ ನಡೆಯುತ್ತಿದೆ. ಇಡೀ ದಿನ ಗಾಡಿಗಳು ಹತ್ತುತ್ತವೆ, ಇಳಿಯುತ್ತವೆ. ಇಳಿಯುವ ಗಾಡಿಯೊಂದರಲ್ಲಿ ಗುಜರಿ ಸಾಮಾನಿನ ಅಡಿಯಿಂದ ಈ ವೈಸಿನ ಕಾಲು ಇಣುಕುತ್ತಿತ್ತು. ಅದನ್ನು ಕಂಡ ಮೇಲೆ ನನಗೆ ಊಟ ಸೇರಲಿಲ್ಲ. ಗಾಡಿಯವನಿಂದ ಕೊಂಡು ಮನೆಗೆ ತಂದೆ. ಯಾವುದೋ ಕಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮಾಲು. ದವಡೆ ಎರಡೂ ಕಚ್ಚಿಕೊಂಡು ಒಂದೇ ಆಗಿದ್ದವು.

ಹೊಸ ಸಾಮಾನು ಹೊಸ್ತಿಲಿಗೆ ಬಂದರೆ ಅವ್ವ ಸುಮ್ಮನಿರುತ್ತಾಳೆಯೆ? ಅರಿಶಿನ ಹಚ್ಚಿ, ಕುಂಕುಮ ಇಟ್ಟು ಬರಮಾಡಿಕೊಂಡಳು. ಆಗ ಅದರ ಬಾಯಿಯ ಕಡೆ ಯಾರೂ ನೋಡಲಿಲ್ಲ.

ಅದೇ ತಿಂಗಳು ಮಗಳು ಪೊನ್ನಮ್ಮ ಚೊಚ್ಚಲು ಹೆರಿಗೆಗೆ ಕಂಬಂನ ಗಂಡನ ಮನೆಯಿಂದ ಬಂದಳು. ನಮ್ಮವರಲ್ಲಿ ಒಂದು ಪದ್ಧತಿ ಇದೆ. ಹೆರಿಗೆ ನೋವು ಶುರುವಾದರೆ ಮನೆಯಲ್ಲಿ ಮುಚ್ಚಿದ್ದೆಲ್ಲ ತೆರೆಯಬೇಕು. ಬೀಗ ತೆಗೆಯಬೇಕು, ಗಂಟು ಬಿಚ್ಚಬೇಕು, ಮಡಕೆಯ ಮುಚ್ಚಳ ಸರಿಸಬೇಕು. ಮನೆ ಬಾಯಿ ಬಿಟ್ಟರೆ ಬಸುರಿಯ ಮೈಯೂ ಸಲೀಸಾಗಿ ಬಿಡುತ್ತದೆ ಎಂದು ಲೆಕ್ಕ. ಒಂದು ದಿನ ಕೊಟ್ಟಿಗೆಗೆ ಬಂದ ಅವ್ವ ವೈಸಿನ ಮುಂದೆ ನಿಂತುಬಿಟ್ಟಳು.

"ರಾಸಾ, ಪುಳ್ಳತಾಚಿ ಇರೋ ಮನೇಲಿ ಬಾಯಿ ಕಚ್ಚಿದ್ ಸಾಮಾನು ಇರ್ಕೂಡದು. ಪೂಟ್ಟು ತೆಗೀತೀನಿ, ಮುಡಿಚ್ಚು ಬಿಚ್ತೀನಿ. ಇದ್ನ ನಾ ಎಂಗೆ ತೆಗೀಲಿ?"

(ಪುಳ್ಳತಾಚಿ ಎಂದರೆ ತಮಿಳು ಬೆರೆತ ನಮ್ಮ ಮಾತಿನಲ್ಲಿ ಬಸುರಿ.) ಹೊರಗೆ ಹಾಕಿಬಿಡುತ್ತೇನೆ ಎಂದೆ. ಅದೂ ಆಗದಂತೆ. ಬಸುರಿ ಇರುವ ಮನೆಯಿಂದ ಕಬ್ಬಿಣ ಹೊರಗೆ ಹೋಗಬಾರದು. (ಯಾರು ಮಾಡಿದರು ಈ ಕಾನೂನುಗಳನ್ನು? ಒಳಗೂ ಬೇಡ, ಹೊರಗೂ ಬೇಡ.)

ನಾನು ನಗಬಹುದಿತ್ತು. ನಗಲಿಲ್ಲ. ನಮ್ಮಕ್ಕ ಚೊಚ್ಚಲು ಹೆರಿಗೆಯಲ್ಲೇ ಹೋದವಳು. ಎಲ್ಲ ಮುಗಿದ ಮೇಲೆ ಅವ್ವನಿಗೆ ಅಟ್ಟದಲ್ಲಿ ಬೀಗ ಹಾಕಿದ್ದ ಒಂದು ಪೆಟ್ಟಿಗೆ ಸಿಕ್ಕಿತಂತೆ. ಆ ಪೆಟ್ಟಿಗೆಯ ಮಾತನ್ನು ಅವಳು ಆಡುವುದಿಲ್ಲ. ಆದರೆ ಅಂದಿನಿಂದ ಈ ಮನೆಯಲ್ಲಿ ಯಾವ ಬಸುರಿ ಬಂದರೂ ಅವಳು ಮೂಲೆ ಮೂಲೆ ತಡಕುತ್ತಾಳೆ.

ಸರಿ, ಕೆಲಸ ಶುರು ಮಾಡಿದೆ. ತುಕ್ಕನ್ನು ಇಟ್ಟಿಗೆ ಚೂರಿನಿಂದ ಉಜ್ಜಿದೆ. ಹುಣಸೆ ನೀರಿನಲ್ಲಿ ನೆನೆಸಿದ ಬಟ್ಟೆ ಕಟ್ಟಿದೆ. ಸೀಮೆಎಣ್ಣೆಗೆ ಹರಳೆಣ್ಣೆ ಬೆರೆಸಿ ಸ್ಕ್ರೂ ಒಳಗೆ ಬಿಟ್ಟೆ. ದಿನಾ ಬೆಳಿಗ್ಗೆ ಒಂದಿಷ್ಟು ಎಣ್ಣೆ, ಸುತ್ತಿಗೆಯಿಂದ ಮೆಲ್ಲನೆ ಒಂದಿಷ್ಟು ಏಟು. ದವಡೆಯ ಮೇಲೆ ಹೊಳಪು ಬಂತು, ಸ್ಕ್ರೂ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಬೆಂಕಿಗೆ ಹಾಕಿದರೆ ಬಿಡುತ್ತದೆ, ನಮ್ಮ ಹಳ್ಳಿಗಳಲ್ಲಿ ಎಲ್ಲದಕ್ಕೂ ಬೆಂಕಿಯೇ ಮದ್ದು. ಆದರೆ ದಿಂಡಿಗಲ್ಲಿನಲ್ಲಿ ಬೀಗ ಮಾಡುವ ನನ್ನ ಗೆಳೆಯ ಮೊದಲೇ ಎಚ್ಚರಿಸಿದ್ದ. ಇದರೊಳಗೆ ಸ್ಕ್ರೂವನ್ನು ಹಿಡಿಯುವ ಸುರುಳಿಯನ್ನು ಹಿತ್ತಾಳೆಯಿಂದ ಬೆಸೆದಿರುತ್ತಾರೆ. ಕಬ್ಬಿಣ ಕೆಂಪಾದರೆ ಹಿತ್ತಾಳೆ ಕರಗುತ್ತದೆ, ಸುರುಳಿ ಕಳಚುತ್ತದೆ. ಆಮೇಲೆ ವೈಸು ಬಾಯಿ ತೆರೆಯುತ್ತದೆ, ಆದರೆ ಮತ್ತೆ ಏನನ್ನೂ ಹಿಡಿಯುವುದಿಲ್ಲ. ಎಣ್ಣೆ ಬಿಡುತ್ತ ಕಾಯುತ್ತಿರು ಎಂದಿದ್ದ.

ಕಾಯುವುದು ಯಾರ ಕೈಯಲ್ಲಿತ್ತು? ಪೊನ್ನಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ದಿನಾ ಕೊಟ್ಟಿಗೆಯ ಬಾಗಿಲಿಗೆ ಬರುತ್ತಿದ್ದಳು. ಮೊದಮೊದಲು ಅಜ್ಜಿಯನ್ನು ಆಡಿಕೊಂಡು ನಗುತ್ತಿದ್ದವಳು ಬರಬರುತ್ತ ನಗುವುದನ್ನು ಬಿಟ್ಟಳು. "ಅಪ್ಪಾ, ಬಿಟ್ಟಿತ್ತಾ?" ಎಂದು ಕೇಳುತ್ತಿದ್ದಳು, ಅಷ್ಟೇ. ನನಗೆ ಅವಳ ಮುಖ ನೋಡಲು ಭಯವಾಗುತ್ತಿತ್ತು. ಅವಳು ಥೇಟ್ ನಮ್ಮಕ್ಕನ ಹಾಗೆ ಇದ್ದಾಳೆ, ಅದನ್ನು ನಾವು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಹೋದ ವಾರ ಬೆಳಿಗ್ಗೆ ನೋವು ಬಂತು. ಸೂಲಗಿತ್ತಿ ವೀರಾಯಿ ಬಂದಳು, ನನ್ನ ಹೆಂಡತಿ ಒಳಗೆ ಸೇರಿಕೊಂಡಳು. ಅವ್ವ ಮನೆಯ ಬೀಗಗಳನ್ನೆಲ್ಲ ತೆಗೆದು, ಕರುವಿನ ಹಗ್ಗದ ಗಂಟನ್ನೂ ಬಿಚ್ಚಿ (ಕರು ಇನ್ನೂ ಯಾರದೋ ಹೊಲದಲ್ಲಿದೆ) ನನ್ನ ಎದುರು ಬಂದು ನಿಂತಳು. ಒಳಗಿಂದ ಮಗಳು ಕೂಗುವುದು ಕೇಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನನ್ನ ಜಾಣತನವೆಲ್ಲ ಇಳಿದುಹೋಗಿತ್ತು. ಕೊಟ್ಟಿಗೆಯಲ್ಲಿ ನೇಗಿಲ ಕುಳ ಕಾಯಿಸುವ ಗುಂಡಿಗೆ ಇದ್ದಿಲು ಸುರಿದೆ, ವೈಸನ್ನು ಅದರ ಮೇಲೆ ಮಲಗಿಸಿದೆ. ಬಿಸಿಗೆ ಸ್ವಲ್ಪ ಸಡಿಲವಾದರೆ ಸಾಕು, ಕೆಂಪಾಗುವ ಮೊದಲೇ ತೆಗೆದುಬಿಡೋಣ ಎಂಬ ಆಸೆ. ಅವ್ವ ಗಾಳಿ ಊದುವ ತಿದಿಯ ಮುಂದೆ ಕೂತಳು. ಆ ವಯಸ್ಸಿನಲ್ಲಿ ತಿದಿ ಒತ್ತಬೇಡ ಎಂದರೆ ಕೇಳಬೇಕಲ್ಲ.

ಬಿಸಿಯಾಯಿತು. ಸಡಿಲವಾಗಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಓಡಿಬಂದು ಹೆಣ್ಣು ಮಗು ಹುಟ್ಟಿತೆಂದಳು. ಆಗಲೇ ಕೂಗಿ ಹೇಳಿದ್ದಳಂತೆ, ತಿದಿಯ ಸದ್ದಿನಲ್ಲಿ ನಮಗೆ ಕೇಳಿಸಿರಲಿಲ್ಲ.

ಮಗಳು ಕ್ಷೇಮ, ಮಗು ಕ್ಷೇಮ. ವೈಸು ಇನ್ನೂ ಕೆಂಪಾಗಿಲ್ಲ, ಅದೂ ಉಳಿಯಿತು. ನೋಡಿದಿರಾ, ಬಾಯಿ ಮುಚ್ಚಿದ್ದರೂ ಮಗು ಬಂತಲ್ಲ? ಇಕ್ಕಳ ತೆಗೆದುಕೊಂಡು ಅದನ್ನು ಬೆಂಕಿಯಿಂದ ಎಳೆಯಲು ಬಗ್ಗಿದೆ.

ಅವ್ವ ತಿದಿ ನಿಲ್ಲಿಸಿರಲಿಲ್ಲ.

"ಪುಳ್ಳೆ ಬಂದ್ರೆ ಸಾಕಾ ರಾಸಾ? ಮಾಸು ಬಂದಿತ್ತಾ ಕೇಳು. ನಿಮ್ಮಕ್ಕಂಗೂ ಪುಳ್ಳೆ ಚೆನ್ನಾಗೇ ಬಂತು."

ಹೆಂಡತಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸಿದಳು. ಮಗುವಿನ ಹಿಂದೆಯೇ ಬರಬೇಕಾದ ಮಾಸು ಇನ್ನೂ ಬಿದ್ದಿರಲಿಲ್ಲ. ವೀರಾಯಿ ಹೊಟ್ಟೆ ಒತ್ತುತ್ತಿದ್ದಾಳೆ ಎಂದು ಹೇಳಿ ಒಳಗೆ ಓಡಿದಳು.

ಅಕ್ಕನ ಮಗು ಹುಟ್ಟಿದ ದಿನ ನಾವು ಬೀದಿಗೆಲ್ಲ ಸಕ್ಕರೆ ಹಂಚಿದ್ದೆವು. ಸಕ್ಕರೆ ಹಂಚಿ ಮನೆಗೆ ಬರುವಷ್ಟರಲ್ಲಿ ಅವಳಿರಲಿಲ್ಲ.

ನಾನು ಇಕ್ಕಳ ಕೆಳಗಿಟ್ಟೆ. ಅವ್ವನನ್ನು ಎಬ್ಬಿಸಿ ನಾನೇ ತಿದಿಗೆ ಕೂತೆ. ನಂಬಿದೆನೆ? ಈಗಲೂ ಇಲ್ಲ. ಆದರೂ ಒತ್ತಿದೆ, ತೋಳು ಬಿದ್ದುಹೋಗುವಂತೆ ಒತ್ತಿದೆ. ಕಬ್ಬಿಣ ಕೆಂಪಾಯಿತು, ಕೆಂಪು ತಿಳಿಯಾಯಿತು, ಕೊನೆಗೆ ಸ್ಕ್ರೂ ಬುಡದಿಂದ ಹಿತ್ತಾಳೆ ಹನಿಹನಿಯಾಗಿ ಇದ್ದಿಲಿಗೆ ಇಳಿಯತೊಡಗಿತು. ಹಾರೆ ತೂರಿಸಿ ಮೀಟಿದೆ. ದವಡೆಗಳು ಬೇರೆಯಾದವು. ಅವ್ವ ಬಗ್ಗಿ ನೋಡಿದಳು, ಇನ್ನೂ ಅಗಲ ಮಾಡು ಎಂದು ಕೈಯಲ್ಲೇ ತೋರಿಸಿದಳು. ಮಾಡಿದೆ.

ಆಮೇಲೆ ಇಬ್ಬರೂ ಕೊಟ್ಟಿಗೆಯ ಗೋಡೆಗೆ ಒರಗಿ ಕೂತೆವು. ಕೊನೆಗೆ ವೀರಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಎಲ್ಲ ಸರಿಯಾಯಿತು, ಎಲೆ ಅಡಿಕೆ ಕೊಡಿ ಎಂದಳು. ಅವ್ವ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತಳು.

ದಿಂಡಿಗಲ್ಲಿನ ಗೆಳೆಯ ಮೊನ್ನೆ ಮಗು ನೋಡಲು ಬಂದ. ಮಗುವಿಗಿಂತ ಹೆಚ್ಚು ಹೊತ್ತು ವೈಸನ್ನೇ ನೋಡಿದ. ಸ್ಕ್ರೂ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತದೆ, ಒಂದು ಎಲೆಯನ್ನೂ ಹಿಡಿಯುವುದಿಲ್ಲ. ಇಂಥ ಮಾಲನ್ನು ಹಾಳು ಮಾಡಿದೆಯಲ್ಲ, ಓದು ಬರಹ ಬಲ್ಲವನು, ಎಣ್ಣೆ ಬಿಟ್ಟು ಇನ್ನೊಂದು ತಿಂಗಳು ಕಾಯಬಾರದಿತ್ತೆ ಎಂದು ಬೈದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಓದುಗರೇ, ಒಳಗೆ ಮಗಳು ಮಲಗಿರುವಾಗ ಎಣ್ಣೆ ಬಿಟ್ಟು ಕಾಯುವ ಅಪ್ಪ ನಿಮ್ಮ ಊರಿನಲ್ಲಿ ಯಾರಾದರೂ ಇದ್ದಾನೆಯೆ?