ಕಪ್ಪಿನ ಕೆಳಗಿನ ಹಸಿರು
ಕೊಲ್ಲಿ ದೇಶದ ಸತ್ವಾ ಬಡಾವಣೆಯಲ್ಲಿದ್ದ ರೇಮಂಡ್‌ಗೆ ಇದ್ದದ್ದು ಒಂದೇ ಹುಚ್ಚು: ವಿಕ್ಟೋರಿಯಾ ರಾಣಿಯ ಕಾಲದ ಪುಟ್ಟ ಉಗಿ ಇಂಜಿನ್‌ಗಳನ್ನು ತಗಡಿನಲ್ಲಿ ಮಾಡುವುದು. ಅದೂ, ದೊಡ್ಡ ರೈಲು ಕಂಪನಿ ಚಿಕ್ಕದನ್ನು ನುಂಗಿದಾಗ ಜೊತೆಗೆ ಬಂದವು ಮಾತ್ರ. ಮೊದಲು ಹಳೆಯ ಕಂಪನಿಯ ಹಸಿರು ಬಳಿದು ನಂಬರು ಬರೆಯುತ್ತಿದ್ದ. ಒಣಗಿದ ಮೇಲೆ ಎಲ್ಲವನ್ನೂ ಹೊಸ ಕಂಪನಿಯ ಕಪ್ಪಿನಲ್ಲಿ ಮುಚ್ಚುತ್ತಿದ್ದ. “ಒಳಗಿನ ಬಣ್ಣ ಯಾರಿಗೆ ಕಾಣ್ತದೆ ಮಾರಾಯ್ರೆ?” ಎಂದು ಹೆಂಡತಿ ಡೊರೊತಿ ನಗುತ್ತಿದ್ದಳು. “ಇಂಜಿನ್‌ಗೆ ಗೊತ್ತುಂಟಲ್ಲ,” ಎನ್ನುತ್ತಿದ್ದ ಅವನು. ಈ ವರ್ಷ ಅವನು ದುಡಿಯುವ ಕಂಪನಿಯನ್ನೇ ಇನ್ನೊಂದು ಕಂಪನಿ ಕೊಂಡಿತು. ಕೆಲಸ ಹೋದರೆ ಇಬ್ಬರ ವೀಸಾವೂ ಖಲಾಸ್ ಎಂದು ಡೊರೊತಿ ವಾರವಿಡೀ ಜಪಮಾಲೆ ಹಿಡಿದಳು. ಗುರುವಾರ ಅವನು ಕುತ್ತಿಗೆಯಲ್ಲಿ ಹೊಸ ಕಂಪನಿಯ ಕಪ್ಪು ಗುರುತಿನ ಕಾರ್ಡು ತೂಗಿಸಿಕೊಂಡು ಬಂದ. “ಇಟ್ಟುಕೊಂಡ್ರಲ್ಲ, ಸಾಕು,” ಎಂದು ಅವಳು ನೀರು ತಂದಳು. ಅವನು ಬಾಗಿಲಲ್ಲೇ ನಿಂತು ಗುರುತಿಲ್ಲದವರನ್ನು ನೋಡುವಂತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: “ನೀವು ಯಾವ ಕಂಪನಿಯಿಂದ ಬಂದದ್ದು?”