ಒಂದೇ ತಾಟಿನಲ್ಲಿ ಉಂಡ ದಿನಗಳು

ಅತ್ತೆಗೆ ನನ್ನ ಮೇಲೆ ಸಂಶಯ ಹುಟ್ಟಿದ್ದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ನಡೆದಿದ್ದಾಗ. ಓಣಿಯ ಹೆಂಗಸರ ಜೊತೆ ಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದವರು ಹೋಗುವುದನ್ನು ನಿಲ್ಲಿಸಿದರು. ನಿದ್ದೆ ಹೋಯಿತು. ಆಮೇಲೆ, ನಾನು ಸಾರಿಗೆ ಏನೋ ಹಾಕುತ್ತೇನೆಂದು ಪಕ್ಕದ ಮನೆಯವರ ಮುಂದೆ ಹೇಳತೊಡಗಿದರು. ನನಗೆ ರೊಟ್ಟಿ ಬಡಿಯಲು ಕಲಿಸಿದವರು ಅವರೇ. ಈಗ ನಾನು ಬಡಿದ ರೊಟ್ಟಿಯನ್ನು ಮೂಸಿ ನೋಡಿ ಹಿತ್ತಲಿಗೆ ಎಸೆಯುತ್ತಿದ್ದರು.

ಗಂಡ ಕುಮಾರಪಟ್ಟಣದ ಕಾರ್ಖಾನೆಯಲ್ಲಿದ್ದರು. ವಾರಕ್ಕೊಮ್ಮೆ ಬಂದಾಗ ಅತ್ತೆ ಮಗನ ಕೈಯಿಂದ ಉಂಡು ಸುಮ್ಮನಿರುತ್ತಿದ್ದರು. ಹಾಗಾಗಿ ನನ್ನ ಮಾತು ನಂಬಲು ಗಂಡನಿಗೆ ತಡವಾಯಿತು. ಅತ್ತೆ ನೀರನ್ನೂ ಬಿಟ್ಟು ಬಚ್ಚಲಲ್ಲಿ ಕುಸಿದ ದಿನ ಅಂಗಡಿಯ ಕಾಯಿನ್ ಫೋನಿನಿಂದ ಅವರನ್ನು ಕರೆಸಿದೆ. ಹಾವೇರಿಯ ಡಾಕ್ಟರು ಸಲೈನ್ ಹಚ್ಚಿದರು. ಇದು ಮನಸ್ಸಿನ ಕಾಯಿಲೆ, ಗುಳಿಗೆ ತಪ್ಪಿಸಬೇಡಿ ಎಂದರು.

ಕೊಡಬೇಕಾದವಳು ನಾನು. ಸಾರಿನಲ್ಲಿ ಕಲಸಿ ಹಾಕು ಎಂದರು ನಾದಿನಿ. ಹಾಗೆ ಮಾಡಿದರೆ ಅತ್ತೆಯ ಸಂಶಯ ನಿಜವಾಗುತ್ತಿತ್ತು. ನನ್ನಿಂದಾಗಲಿಲ್ಲ. ಗುಳಿಗೆಯನ್ನು ಅಂಗೈಯಲ್ಲಿಟ್ಟು ತೋರಿಸಿದೆ.

"ಅತ್ತಿ, ಇದು ಗುಳಿಗಿ ನೋಡ್ರಿ. ನಿಮಗ ಮುಚ್ಚಿ ಏನೂ ಕೊಡೂದಿಲ್ಲ ನಾ."

"ಮೊದಲ ನೀ ಉಣ್ಣು," ಎಂದರು.

ಅಂದಿನಿಂದ ಇಬ್ಬರದೂ ಒಂದೇ ತಾಟು. ನಾನು ತುತ್ತು ನುಂಗುವುದನ್ನು ಕಣ್ಣು ಮಿಟುಕಿಸದೆ ನೋಡಿ ಆಮೇಲೆ ಅವರು ಕೈ ಹಾಕುತ್ತಿದ್ದರು. ಕೆಲವು ದಿನ ಗುಳಿಗೆ ನುಂಗುತ್ತಿದ್ದರು, ಕೆಲವು ದಿನ ನನ್ನ ಕೈಗೆ ಹೊಡೆದು ಬೀಳಿಸುತ್ತಿದ್ದರು. ಸಿಟ್ಟು ಬರಲೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ನನ್ನಲ್ಲಿ ಅದೂ ಉಳಿದಿರಲಿಲ್ಲ.

ಒಮ್ಮೆ ಅತ್ತೆಯ ಹತ್ತಿರ ನಾದಿನಿಯನ್ನು ಕೂರಿಸಿ ರಾಣೆಬೆನ್ನೂರಿನ ತವರಿಗೆ ಹೋದೆ. ಅವ್ವ ಊಟಕ್ಕೆ ಎಬ್ಬಿಸಿದರೂ ಏಳದೆ ಮಲಗಿದೆ. ಇಲ್ಲೇ ಇದ್ದುಬಿಡು ಎಂದಳು. ಆದರೂ ಸಂಜೆಯ ಬಸ್ಸು ಹತ್ತಿದೆ.

ಮಳೆಗಾಲದ ಹೊತ್ತಿಗೆ ಅತ್ತೆಗೆ ನಿದ್ದೆ ಬರತೊಡಗಿತು. ಗುಳಿಗೆ ಮುಂದೆಯೂ ಕೆಲವು ವರ್ಷ ನಡೆಯಿತು. ಆ ಮಳೆಗಾಲದ ಒಂದು ಮಧ್ಯಾಹ್ನ ನಾನು ಅವರ ತಲೆ ಬಾಚುತ್ತಿದ್ದಾಗ ತಾವಾಗಿಯೇ ಅಂದರು:

"ನೀ ಏನೂ ಹಾಕಿಲ್ಲಂತ ಈಗ ತಿಳೀತೈತಿ. ಆವಾಗ ಖರೇನ ಅನಸ್ತಿತ್ತವಾ."

"ಇರ್ಲಿ ಬಿಡ್ರಿ," ಎಂದೆ.

ಅಳು ಬರಬೇಕಿತ್ತು, ಇಲ್ಲವೇ ಸಂತೋಷ. ಎರಡೂ ಬರಲಿಲ್ಲ. ಇವತ್ತಿನ ಅಡುಗೆ ಅವರು ನೋಡಿಕೊಂಡರೆ ನಾನು ಸ್ವಲ್ಪ ಅಡ್ಡಾಗಬಹುದಲ್ಲ ಎಂದಷ್ಟೇ ಹೊಳೆಯಿತು. ಕೇಳಿಯೇಬಿಟ್ಟೆ. ಅತ್ತೆ ಅರ್ಧ ಹೆಣೆದ ಜಡೆಯನ್ನು ತುರುಬು ಕಟ್ಟಿಕೊಂಡು ಅಕ್ಕಿ ತೊಳೆಯಲು ಎದ್ದರು.